ಹಿರಿಯರ ಎಲೆಗೆ ಹೋದ ಮೀನಿನ ಸಾರಾಯಿ

ನನ್ನ ಮೀನನ್ನು ಹಾಳುಮಾಡಿದವರು ಇಬ್ಬರು. ಒಬ್ಬರು ನನ್ನ ದೊಡ್ಡಪ್ಪ. ಇನ್ನೊಬ್ಬರು ನಮ್ಮ ನೆರೆಯ ಕಾಫಿ ಎಸ್ಟೇಟಿನ ದೊರೆ, ಕಡಲ ಮೀನುಗಳನ್ನು ವಿಂಗಡಿಸಿ ಹೆಸರಿಡುವ ಶಾಸ್ತ್ರದಲ್ಲಿ ದೊಡ್ಡವರೆನಿಸಿಕೊಂಡ ಇಂಗ್ಲಿಷ್ ಮನುಷ್ಯ. ಆ ಮೀನು ಕೆಡದಂತೆ ಇಡಲು ಬೇಕಾಗಿದ್ದ ಸ್ಪಿರಿಟನ್ನು ದೊರೆ ಕೊಡಲಿಲ್ಲ. ಸ್ಪಿರಿಟಿನ ಬದಲಿಗೆ ನಾನು ಹಾಕಿದ್ದ ಸಾರಾಯಿಯನ್ನು ದೊಡ್ಡಪ್ಪ ಬಿಡಲಿಲ್ಲ. ಇವರಿಬ್ಬರ ನಡುವೆ, ನಾನು ಕಣ್ಣಾರೆ ಕಂಡಿದ್ದ ಒಂದು ಸತ್ಯಕ್ಕೆ ಇದ್ದ ಒಂದೇ ಸಾಕ್ಷಿ ಕಿತ್ತಳೆ ಗಿಡದ ಬುಡ ಸೇರಿತು. ಕಾಲ ಬಹಳ ಕಳೆಯಿತು, ಮರೆತುಬಿಡಿ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಕಳೆದದ್ದು ಕಾಲ, ನನ್ನ ಜ್ಞಾಪಕಶಕ್ತಿ ಕಳೆದಿಲ್ಲ.

ಕಡಲೇ ಇಲ್ಲದ ಕೊಡಗಿನಲ್ಲಿ ಕಡಲ ಮೀನಿನ ಜಗಳ ಹೇಗೆ ಹುಟ್ಟಿತು ಎಂದು ಕೇಳುವುದು ಸಹಜ. ನನ್ನ ಅಪ್ಪ ಆ ದೊರೆಯ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಪೊನ್ನಂಪೇಟೆಯಿಂದ ತಿತಿಮತಿಯ ಕಡೆಗೆ ಹೋಗುವ ದಾರಿಯಲ್ಲಿ, ಕಾಡು ಹತ್ತಿರವಾಗುವ ಕಡೆ ದೊರೆಯ ಬಂಗಲೆ. ಅದರ ಹಿಂಬದಿಯ ಜಗಲಿಯ ತುಂಬ ಗಾಜಿನ ಜಾಡಿಗಳು, ಜಾಡಿಗಳ ತುಂಬ ತಲೆ ಕೆಳಗಾಗಿ ನಿಂತ ಮೀನುಗಳು. ಬೇರೆ ದೊರೆಗಳು ಹುಲಿಯ ಚರ್ಮ, ಕಾಟಿಯ ಕೊಂಬು ತೂಗುಹಾಕಿ ಬೀಗುತ್ತಿದ್ದ ಕಾಲದಲ್ಲಿ ಇವರು ಗೇಣುದ್ದದ ಮೀನು ತೋರಿಸಿ ಬೀಗುತ್ತಿದ್ದರು. ಅಪ್ಪನ ಹಿಂದೆ ಹೋಗಿ ನಾನು ಆ ಜಾಡಿಗಳನ್ನು ನೋಡಿ ನೋಡಿಯೇ ಬೆಳೆದೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ನನ್ನನ್ನು ಮದರಾಸಿಗೆ ಕಳಿಸಿ ಪ್ರಾಣಿಶಾಸ್ತ್ರ ಓದಿಸಿದರು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಉಪಕಾರವನ್ನು ಮುಚ್ಚಿಟ್ಟು ಅಪಕಾರವನ್ನು ಮಾತ್ರ ಬರೆಯುವವಳು ನಾನಲ್ಲ.

ದೊರೆಯ ಪ್ರೀತಿಯ ಮೀನುಗಳು ಹವಳದ ದಿಬ್ಬಗಳಲ್ಲಿ ವಾಸಿಸುವ ಒಂದು ಕುಲಕ್ಕೆ ಸೇರಿದವು. ಇಂಗ್ಲಿಷಿನಲ್ಲಿ ಅವನ್ನು ರ‍್ಯಾಸ್ ಎನ್ನುತ್ತಾರೆ. ದಪ್ಪ ತುಟಿ, ಮುಂದಕ್ಕೆ ಚಾಚಿದ ಹಲ್ಲು. ಬಾಲವನ್ನು ಬಿಟ್ಟು ಎದೆಯ ಪಕ್ಕದ ಈಜುರೆಕ್ಕೆಗಳನ್ನೇ ಹಕ್ಕಿಯ ಹಾಗೆ ಬಡಿಯುತ್ತ ಈಜುತ್ತವೆ. ಅವುಗಳಲ್ಲಿ ಕೆಲವು ಸಂಜೆಯಾದರೆ ಮರಳಿನೊಳಗೆ ಹೊಕ್ಕು ಮಲಗುತ್ತವೆ. ಬಣ್ಣವನ್ನಂತೂ ಕೇಳಬಾರದು: ಹಸಿರು, ನೀಲಿ, ಕೆಂಡದಂಥ ಗುಲಾಬಿ, ಒಂದರ ಮೈಮೇಲೆ ಇನ್ನೊಂದು. ಆದರೆ ಸ್ಪಿರಿಟಿಗೆ ಬಿದ್ದ ಕೆಲವೇ ದಿನಗಳಲ್ಲಿ ಎಲ್ಲ ಬಣ್ಣವೂ ಹೋಗಿ ಮೀನು ಹೊಗೆಗೆ ಕಟ್ಟಿದ ಮಾಂಸದ ಹಾಗೆ ಕಂದಾಗುತ್ತದೆ. ಈ ಕುಲಕ್ಕೆ ಹೆಸರಿಟ್ಟವರು ಯಾರು? ಹಡಗಿನ ವೈದ್ಯರು, ಪಲ್ಟನ್ನಿನ ಅಧಿಕಾರಿಗಳು, ಯುರೋಪಿನ ಸಂಗ್ರಹಾಲಯಗಳಲ್ಲಿ ಮಂಜಿನ ಕಿಟಕಿಯ ಪಕ್ಕ ಕುಳಿತ ಪಂಡಿತರು. ಮುಳ್ಳು ಎಣಿಸಿದರು, ಹಲ್ಲು ಎಣಿಸಿದರು, ಹೆಸರಿಟ್ಟರು. ಆ ಎಣಿಕೆಯ ಶ್ರದ್ಧೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ಅವರಲ್ಲಿ ಹೆಚ್ಚಿನವರು ಆ ಮೀನು ಬದುಕುವುದನ್ನು ನೋಡಿದವರಲ್ಲ. ಹೆಣ ನೋಡಿ ಜಾತಕ ಬರೆದವರು.

ದೊರೆ ಹೀಗೆ ಬರೆದ ಜಾತಕಗಳಲ್ಲಿ ಒಂದರ ವಿಷಯವೇ ಈ ಕಥೆ. ಮಾಸಲು ಹಸಿರಿನ ಒಂದು ಮೀನಿಗೆ ಎಂದೋ ಒಬ್ಬ ಹಡಗಿನ ವೈದ್ಯ ಹೆಸರಿಟ್ಟಿದ್ದ. ಅದರ ಜೊತೆಯಲ್ಲೇ ಸಿಗುವ, ಕಡುನೀಲಿಯ, ಬಾಲದ ತುದಿ ಅರ್ಧಚಂದ್ರದ ಹಾಗೆ ಬಾಗಿದ ದೊಡ್ಡ ಮೀನನ್ನು ದೊರೆ ಬೇರೆಯೇ ಜಾತಿ ಎಂದು ತೀರ್ಮಾನಿಸಿ, ತೀರಿಹೋದ ತಮ್ಮ ಹೆಂಡತಿಯ ಹೆಸರನ್ನು ಅದಕ್ಕೆ ಇಟ್ಟರು. ಅದರ ಚಿತ್ರ ಬಂಗಲೆಯ ಊಟದ ಕೋಣೆಯಲ್ಲಿ ಚಿನ್ನದ ಚೌಕಟ್ಟಿನೊಳಗಿತ್ತು.

ಕಾಲೇಜಿನ ಕೊನೆಯ ವರ್ಷ ನಮ್ಮನ್ನು ಪೂರ್ವ ಕರಾವಳಿಯ ಒಂದು ದ್ವೀಪದ ಪ್ರಯೋಗಶಾಲೆಗೆ ಕರೆದೊಯ್ದರು. ಉಳಿದವರು ವಾಪಸಾದ ಮೇಲೂ ನಾನು ಬೇಡಿ ಬೇಡಿ ಆ ಬೇಸಗೆಯೆಲ್ಲ ಅಲ್ಲಿ ಉಳಿದೆ. ಅಲ್ಲಿನ ಸಿಮೆಂಟಿನ ತೊಟ್ಟಿಯೊಂದರಲ್ಲಿ ದೊರೆಯ ಆ ಎರಡೂ 'ಜಾತಿ'ಗಳನ್ನು ಒಟ್ಟಿಗೆ ಬಿಟ್ಟಿದ್ದರು: ಒಂದು ನೀಲಿ, ಹಲವು ಮಾಸಲು. ಒಂದು ದಿನ ನೀಲಿ ಮೀನು ಸತ್ತಿತು. ಆಮೇಲೆ ಮಾಸಲು ಮೀನುಗಳಲ್ಲಿ ದೊಡ್ಡದಾಗಿದ್ದ ಒಂದು, ಸತ್ತವನ ಜಾಗದಲ್ಲಿ ಯಜಮಾನಿಕೆ ಮಾಡತೊಡಗಿತು. ಉಳಿದವನ್ನು ಅಟ್ಟಿತು, ಮೂಲೆ ಮೂಲೆ ಕಾಯಿತು. ವಾರಗಳು ಕಳೆದಂತೆ ಅದರ ತಲೆಗೆ ನೀಲಿ ಹತ್ತಿತು. ನೀಲಿ ಬೆನ್ನಿಗೆ ಇಳಿಯಿತು. ಬಾಲದ ತುದಿಗಳು ನೀಳವಾದವು. ಆ ಮೀನು ಮೊದಲು ಮೊಟ್ಟೆ ಬಿಟ್ಟದ್ದನ್ನು ನಾನೇ ನೋಡಿದ್ದೆ. ತಾಯಿಯಾಗಿದ್ದದ್ದು ನನ್ನ ಕಣ್ಣೆದುರಿನಲ್ಲಿ ತಂದೆಯಾಗುತ್ತಿತ್ತು. ಅಂದ ಮೇಲೆ ಎರಡು ಜಾತಿ ಎಲ್ಲಿ ಬಂತು? ಒಂದೇ ಮೀನು, ಅದರ ಎರಡು ವಯಸ್ಸು.

ಬದಲಾವಣೆ ಮುಗಿಯುವ ಮುಂಚೆಯೇ, ತೊಟ್ಟಿಯ ನೀರು ಕಾದ ಒಂದು ದಿನ ಅದು ಸತ್ತಿತು. ದುಃಖದಲ್ಲೂ ನನಗೆ ಹೊಳೆಯಿತು: ಇದೇ ಒಳ್ಳೆಯದು. ನಡುದಾರಿಯಲ್ಲಿ ಸತ್ತ ಈ ಮೀನಿನ ಹೊಟ್ಟೆಯೊಳಗೆ ಹೆಣ್ಣಿನದೂ ಗಂಡಿನದೂ ಎರಡೂ ಗುರುತು ಸಿಗಬೇಕು. ಅದನ್ನು ನಾನೊಬ್ಬಳೇ ಕೊಯ್ದು ನೋಡಿದರೆ ಯಾರೂ ನಂಬುವುದಿಲ್ಲ. ಅವನ್ನು ಎರಡು ಜಾತಿ ಎಂದು ಬರೆದ ಮನುಷ್ಯನ ಮುಂದೆಯೇ, ಅವರ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಆ ಮನುಷ್ಯ ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದ್ದರು. ಹೊಟ್ಟೆಯನ್ನು ಕೊಯ್ಯದೆ, ಪ್ರಯೋಗಶಾಲೆಯವರು ಕೊಟ್ಟ ಸ್ವಲ್ಪ ಸ್ಪಿರಿಟಿನಲ್ಲಿ ಅದನ್ನು ಮುಳುಗಿಸಿ, ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲೂ ಬಸ್ಸಿನಲ್ಲೂ ಕುಳಿತು ಕೊಡಗಿಗೆ ಬಂದೆ.

ಮಳೆಗಾಲ ಹಿಡಿಯುವ ಮೊದಲು ದೊರೆಯ ಬಂಗಲೆಗೆ ಹೋದೆ. ಅವರು ಊರಿಗೆ, ಅಂದರೆ ಇಂಗ್ಲೆಂಡಿಗೆ, ರಜೆಯ ಮೇಲೆ ಹೊರಡುವ ಸಿದ್ಧತೆಯಲ್ಲಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬಣ್ಣ ಮಾಸುವ ಮುಂಚೆ ನಾನು ಬರೆದಿದ್ದ ಚಿತ್ರವನ್ನು ತೋರಿಸಿದೆ. "ಚಿತ್ರ ಚೆನ್ನಾಗಿದೆ. ಹುಡುಗಿಯರು ಏನು ಬೇಕಾದರೂ ಚೆನ್ನಾಗಿ ಬರೆಯುತ್ತಾರೆ" ಎಂದರು. ಆಮೇಲೆ ಜಾಡಿಯನ್ನು ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದರು. ಒಂದು ಮಗ್ಗುಲು ನೋಡಿದರು, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದರು. ಬಾಯಲ್ಲಿದ್ದ ಪೈಪು ಆರಿತು, ಮತ್ತೆ ಹಚ್ಚಿಕೊಳ್ಳಲಿಲ್ಲ. ಬಹಳ ಹೊತ್ತಾಯಿತು. ಕೊನೆಗೆ ಜಾಡಿಯನ್ನು ಮೇಜಿನ ಮೇಲೆ, ನನ್ನ ಕಡೆಗೆ ಸರಿಸಿ ಇಟ್ಟರು.

"ನಾನು ಮರಳಿ ಬಂದ ಮೇಲೆ ನೋಡೋಣ" ಎಂದರು.

"ಸರ್, ಈ ಸ್ಪಿರಿಟ್ ಹಳದಿಯಾಗಿದೆ. ಮೀನಿನ ನೀರು ಸೇರಿ ಸಪ್ಪೆಯಾಗಿದೆ. ಬದಲಿಸದಿದ್ದರೆ ಮಳೆಗಾಲದಲ್ಲಿ ಒಳಗಿನಿಂದ ಕೊಳೆಯುತ್ತದೆ. ಒಂದು ಬಾಟಲಿ ಕೊಡಿಸಿ."

ಅವರ ಹಿಂದೆ ಗೋಡೆಯುದ್ದಕ್ಕೂ ಸ್ಪಿರಿಟಿನ ಡಬ್ಬಗಳು ಒಂದರ ಮೇಲೊಂದು ನಿಂತಿದ್ದವು.

"ಅದು ಸಂಗ್ರಹಾಲಯಕ್ಕೆ ಸೇರಿದ ಮೀನುಗಳಿಗೆ" ಎಂದರು. ಅಷ್ಟೇ. ಬಟ್ಲರನನ್ನು ಕರೆದು ನನಗೆ ಬಾಗಿಲು ತೋರಿಸಲು ಹೇಳಿದರು. ಹುಟ್ಟಿದಂದಿನಿಂದ ನೋಡಿದ ಆ ಬಾಗಿಲನ್ನು ನನಗೆ ಯಾರೂ ತೋರಿಸಬೇಕಾಗಿರಲಿಲ್ಲ.

ಸ್ಪಿರಿಟ್ ಇಲ್ಲದಿದ್ದರೆ ಸಾರಾಯಿ. ಹಡಗಿನ ವೈದ್ಯರು ಕೂಡ ಎಷ್ಟೋ ಸಲ ರಮ್ಮಿನಲ್ಲೇ ಮೀನು ಇಟ್ಟು ತಂದವರು. ಪೊನ್ನಂಪೇಟೆಯ ಗಡಂಗಿಗೆ, ಸಾರಾಯಿ ಅಂಗಡಿಗೆ, ನಾನೇ ಹೋದೆ. ಆಗ ನಾನು ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ. ಹಗಲು ಹೊತ್ತಿನಲ್ಲಿ ಸೀರೆಯುಟ್ಟ ಟೀಚರು ಗಡಂಗಿನ ಮುಂದೆ ನಿಂತದ್ದನ್ನು ನೋಡಿ ಒಳಗಿದ್ದ ಗಂಡಸರೆಲ್ಲ ಲೋಟ ಕೆಳಗಿಟ್ಟರು.

"ಯಾರಿಗಮ್ಮಾ?" ಎಂದ ಅಂಗಡಿಯವನು.

"ಮೀನಿಗೆ. ಇರುವುದರಲ್ಲಿ ತೀರ ಖಾರದ್ದು ಕೊಡಿ."

"ಮೀನು ಎಲ್ಲಿಯದು, ಕಾವೇರಿಯದಾ?"

"ಕಡಲಿನದು."

"ಹಾಗಾದ್ರೆ ಕುಡಿದೀತು" ಎಂದು ಅವನು ಗಂಭೀರವಾಗಿ ಅಳೆದುಕೊಟ್ಟ. ಒಳಗಿನಿಂದ ಎದ್ದ ನಗುವನ್ನು ನಾನು ಗಮನಿಸಿದೆ. ಯಾರು ಯಾರು ನಕ್ಕರು ಎಂಬುದನ್ನೂ ಗಮನಿಸಿದೆ.

ಶಾಲೆಯ ಹಾಸ್ಟೆಲಿನಲ್ಲಿ ಸಾರಾಯಿಯ ಜಾಡಿ ಇಡಲು ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ. ಆದ್ದರಿಂದ ಅದನ್ನು ಮನೆಯಲ್ಲಿ, ಭತ್ತದ ಪೆಟ್ಟಿಗೆಯಿರುವ ತಂಪು ಕೋಣೆಯ ಮೂಲೆಯಲ್ಲಿ ಇಟ್ಟೆ. ಬಾಯಿಗೆ ಮೇಣ ಹಾಕಿದೆ. 'ಮುಟ್ಟಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ದೊಡ್ಡಪ್ಪನಿಗೂ ಅವರ ಸೊಸೆಗೂ, ನನ್ನ ಅತ್ತಿಗೆಗೆ, ಬಾಯಲ್ಲೂ ಹೇಳಿದೆ: ಇದರೊಳಗೆ ಇರುವುದು ನನ್ನ ಪರೀಕ್ಷೆ, ನನ್ನ ಪದವಿ, ನನ್ನ ಮಾನ. ಇಬ್ಬರೂ ತಲೆಯಾಡಿಸಿದರು.

ಇನ್ನು ನಮ್ಮ ಮನೆಯ ಕಟ್ಟಳೆಯನ್ನು ಹೇಳಬೇಕು. ವರ್ಷಕ್ಕೊಮ್ಮೆ ನಾವು ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಬಾಳೆ ಎಲೆ ಹಾಕಿ, ರೊಟ್ಟಿ, ಕೋಳಿ, ಹಂದಿ ಬಡಿಸಿ, ಪಕ್ಕದಲ್ಲಿ ಸಾರಾಯಿ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹಿರಿಯರು ಉಂಡರು ಎಂದು ಮನೆಯ ಯಜಮಾನನಿಗೆ ಅನಿಸಿದ ಮೇಲೆ ಬಾಗಿಲು ತೆರೆದು, ಉಳಿದದ್ದನ್ನು ಮನೆಯವರು ಪ್ರಸಾದವೆಂದು ಹಂಚಿಕೊಳ್ಳುತ್ತಾರೆ. ಇದರಲ್ಲಿ ಏನು ತಪ್ಪಿದರೂ ಸಾರಾಯಿ ತಪ್ಪಬಾರದು. ಆ ವರ್ಷ ಖಾದಿ ತೊಟ್ಟ ಹುಡುಗರು ಗಡಂಗುಗಳ ಮುಂದೆ ಪಿಕೆಟಿಂಗ್ ನಡೆಸಿ ಬಾಗಿಲು ಹಾಕಿಸಿದ್ದರು. ಎಲೆ ಹಾಕಿಯಾಗಿದೆ, ಹಂದಿ ಬೆಂದಿದೆ, ಸಾರಾಯಿ ಇಲ್ಲ. ನಾನು ಮಡಿಕೇರಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ದೊಡ್ಡಪ್ಪ ಭತ್ತದ ಕೋಣೆಗೆ ಹೋದರು.

ಮುಂದಿನ ಶನಿವಾರ ಮನೆಗೆ ಬಂದಾಗ ನನ್ನ ಜಾಡಿ ಅಡುಗೆಮನೆಯ ಗೂಡಿನಲ್ಲಿತ್ತು. ಲಕಲಕ ಹೊಳೆಯುತ್ತಿತ್ತು. ಒಳಗೆ ನಿಂಬೆಯ ಉಪ್ಪಿನಕಾಯಿ.

"ಅತ್ತಿಗೇ, ಇದರಲ್ಲಿದ್ದ ಮೀನು?"

"ಅಯ್ಯೋ, ಅದಾ? ಬೆಕ್ಕಿಗೆ ಹಾಕಿದೆ, ಬೆಕ್ಕು ಮೂಸಿಯೂ ನೋಡ್ಲೆ. ಕಿತ್ತಳೆ ಗಿಡದ ಬುಡಕ್ಕೆ ಹಾಕಿ ಮಣ್ಣು ಎಳೆದೆ. ಜಾಡಿ ವಾಸನೆ ಹೋಗೋಕೆ ಸೀಗೆಪುಡಿ ಹಾಕಿ ಎಷ್ಟು ಸಲ ತಿಕ್ಕಿದೆ ಗೊತ್ತುಟ್ಟಾ ನಿಂಗೆ?"

ಕೈಯಲ್ಲೇ ಮಣ್ಣು ಬಗೆದೆ. ಅದು ಮಳೆಯ ಕಾಲ, ಕೊಡಗಿನ ಮಣ್ಣು. ಒಂದಿಷ್ಟು ಮುಳ್ಳು, ಒಂದು ದವಡೆ ಸಿಕ್ಕಿತು. ಹೊಟ್ಟೆ ಇರಬೇಕಾದ ಕಡೆ ಇರುವೆಗಳಿದ್ದವು.

ದೊಡ್ಡಪ್ಪ ಜಗಲಿಯಲ್ಲಿ ವೀಳ್ಯ ಹಾಕಿಕೊಂಡು ಕುಳಿತಿದ್ದರು. ನಾನು ಮಣ್ಣಿನ ಕೈಯಲ್ಲೇ ಹೋಗಿ ಎದುರು ನಿಂತೆ.

"ಮುಟ್ಟಬಾರದು ಅಂತ ಬರೆದಿರಲಿಲ್ಲವೇ ದೊಡ್ಡಪ್ಪಾ?"

"ಬರೆದಿತ್ತ್. ಓದಿದೆ. ನಾ ಎಲ್ಲಿ ಮುಟ್ಟಿದೆ? ಬಗ್ಗಿಸಿದೆ, ಅಷ್ಟೆ. ಶುದ್ಧ ಬಟ್ಟೇಲಿ ಸೋಸಿಯೂ ಸೋಸಿದೆ."

"ಹಿರಿಯರಿಗೆ ಮೀನಿನ ಎಂಜಲು ಬಡಿಸಿದಿರಿ."

"ಮೀನು ಎಲ್ಲಿ ಕುಡೀತು? ಮಿಂದದ್ದು ಮಾತ್ರ." ಅವರು ಎಲೆಯ ತೊಟ್ಟು ಮುರಿದು ಎಸೆದರು. "ಗೂಡೇ, ಹುಡುಗೀ, ಕೇಳ್. ಸತ್ತ ಮೀನಿಗೆ ಸಾರಾಯಿ ಬೇಕು, ಸತ್ತ ಹಿರಿಯರಿಗೆ ಬೇಡನಾ? ನಿನ್ನ ಅಪ್ಪನಿಗೂ ಒಂದು ಎಲೆ ಇತ್ತ್. ಅವನ ಲೋಟ ಖಾಲಿ ಇಡ್ಲಾ?"

ಮಾತಿಗೆ ಮಾತು ಕೊಡುವವಳು ನಾನು. ಆ ಒಂದು ಮಾತು ಕೇಳಿ ಮಾತ್ರ ಹೋಗಿ ಕೈಯ ಮಣ್ಣು ತೊಳೆದುಕೊಂಡೆ. ಆ ಮಾತು ನ್ಯಾಯವಾಗಿತ್ತೆಂದು ಒಪ್ಪುವುದಿಲ್ಲ. ನನ್ನ ದೊಡ್ಡಪ್ಪನ ಮಗ ಒಳಗಿನಿಂದ, "ಕಡಲಿನ ರುಚಿ ಇತ್ತ್, ಚೂರು ಉಪ್ಪುಪ್ಪು" ಎಂದು ಸೇರಿಸಿದ. ಅವನಿಗೆ ಆಮೇಲೆ ಹೊಟ್ಟೆ ಕೆಟ್ಟಿತೆಂದು ಕೇಳಿ ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾನು ನಾಚುವುದಿಲ್ಲ.

ದೊರೆ ಮರಳಿ ಬಂದ ಸುದ್ದಿ ಕೇಳಿ ಬರಿಗೈಯಲ್ಲಿ ಬಂಗಲೆಗೆ ಹೋದೆ. ಹೋಗದೆ ಇರಬಹುದಿತ್ತು. ಆದರೆ ಸಾಕ್ಷಿ ಹೋದರೂ ಕಂಡವಳು ಇದ್ದಾಳೆ ಎಂದು ಹೇಳಬೇಕಾಗಿತ್ತು. ಅಲ್ಲಿ ಇನ್ನಿಬ್ಬರು ದೊರೆಗಳು ಚಹಾ ಕುಡಿಯುತ್ತಿದ್ದರು. ನನ್ನನ್ನು ಕೂರಲು ಹೇಳಲಿಲ್ಲ.

"ಮೀನು ಎಲ್ಲಿ?" ಎಂದರು ದೊರೆ.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದೆ. ಆಮೇಲೆ ಮೂವರೂ ನಕ್ಕರು. ಒಬ್ಬರ ಚಹಾ ಬಟ್ಟಲು ತಟ್ಟೆಗೆ ತಾಗಿ ಗಡಗಡ ಸದ್ದಾಯಿತು.

"ಅಂದರೆ ನಿನ್ನ ಪುರಾವೆಯನ್ನು ನಿನ್ನ ಪಿತೃಗಳು ಕುಡಿದರು" ಎಂದರು ದೊರೆ. ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು. ಆದರೂ ಆ ನಗುವಿನಲ್ಲಿ ಒಂದು ನಿರಾಳ ಇದ್ದದ್ದನ್ನು ನಾನು ಗುರುತಿಸಿದೆ. ಬಿದ್ದೀತೆಂದು ಅಂಜಿದ್ದ ಗೋಡೆ ಬೀಳದೆ ನಿಂತಾಗ ಮನುಷ್ಯ ಹಾಗೆ ನಗುತ್ತಾನೆ.

"ಮೀನು ಹೋಗಿದೆ ಸರ್. ನಾನು ಕಂಡದ್ದು ಹೋಗಿಲ್ಲ. ಮತ್ತೊಂದು ತೊಟ್ಟಿಯಲ್ಲಿ ಬಿಟ್ಟು ನೋಡಿ. ಮತ್ತೆ ಹಾಗೆಯೇ ಆಗುತ್ತದೆ."

"ಆಗಲಿ" ಎಂದರು. ನೋಡಲಿಲ್ಲ. ನನಗೆ ಮತ್ತೆ ಆ ದ್ವೀಪಕ್ಕೆ ಹೋಗಲು ಶಾಲೆ ರಜೆ ಕೊಡಲಿಲ್ಲ. ಹೆಂಗಸೊಬ್ಬಳೇ ಹೋಗಲು ಮನೆಯವರೂ ಬಿಡಲಿಲ್ಲ.

ಆ ನಗು ಬಂಗಲೆಯಲ್ಲೇ ಉಳಿದಿದ್ದರೆ ಸಹಿಸುತ್ತಿದ್ದೆನೋ ಏನೋ. ಅದು ಕ್ಲಬ್ಬಿಗೆ ಹೋಯಿತು, ಕ್ಲಬ್ಬಿನಿಂದ ಮಡಿಕೇರಿಗೆ ಬಂತು. ಶಾಲೆಗೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು, ನಮ್ಮ ಜನದವರೇ, ಹೆಣ್ಣುಮಕ್ಕಳು ಸಾಲಾಗಿ ಎದ್ದು ನಿಂತಿರುವಾಗ ಮುಗುಳ್ನಗುತ್ತ ಕೇಳಿದರು: "ಅಜ್ಜಂದಿರು ಮೀನು ಕುಡಿದರಲ್ಲ, ಆ ಮನೆಯವರು ತಾವೇ ಏನಮ್ಮಾ?"

"ಹೌದು. ನಮ್ಮ ಹಿರಿಯರು ಕುಡಿದದ್ದು ಸಾರಾಯಿ ಸ್ವಾಮೀ. ಮೀನನ್ನು ನುಂಗಿದವರು ನಿಮ್ಮ ದೊರೆಗಳು."

ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು. ಆ ವರ್ಷ ನನಗೆ ವರ್ಗವಾಯಿತು. ಬಡ್ತಿ ಬರಬೇಕಾದ ಕಾಲಕ್ಕೆ ಬರಲಿಲ್ಲ. ಆ ಮಾತನ್ನು ಹಿಂತೆಗೆದುಕೊಳ್ಳಲು ಹೆಡ್‌ಮಿಸ್ಟ್ರೆಸ್ ಹೇಳಿದಾಗ, ಮಾತನ್ನು ಹಿಂತೆಗೆಯಲು ಅದೇನು ಜಾಡಿಯೊಳಗಿನ ಮೀನೇ ಎಂದು ಕೇಳಿದೆ.

ಬ್ರಿಟಿಷರು ಹೋದರು. ದೊರೆಯೂ ಎಸ್ಟೇಟು ಮಾರಿ ಹಡಗು ಹತ್ತಿದರು, ಅಲ್ಲೇ ತೀರಿಕೊಂಡರಂತೆ. ಹಾರಂಗಿಗೆ ಅಣೆಕಟ್ಟು ಕಟ್ಟಿ, ಆ ನೀರಿಗೆ ಮೀನುಮರಿ ಬಿಡುವ ಕಾಲಕ್ಕೆ ನಾನು ನಿವೃತ್ತಳಾಗಿದ್ದೆ. ಅಲ್ಲಿಗೆ ಬಂದಿದ್ದ ಮೀನುಗಾರಿಕೆ ಇಲಾಖೆಯ ಯುವ ಅಧಿಕಾರಿಯೊಬ್ಬರು ಸಂಬಂಧಿಕರ ಮನೆಯ ಊಟದಲ್ಲಿ ನನ್ನ ಪಕ್ಕ ಕುಳಿತರು. ಮಾತಿಗೆ ಮಾತು ಬಂದು ನಾನು ಆ ನೀಲಿ ಮೀನಿನ ವಿಷಯ ಎತ್ತಿದೆ.

"ಓ, ಅದಾ ಅಜ್ಜೀ? ಹೆಣ್ಣು ಗಂಡಾಗುತ್ತದೆ. ಆ ಕುಲದಲ್ಲಿ ಬಹಳ ಜಾತಿಗಳಲ್ಲಿ ಹಾಗೆಯೇ. ಎಲ್ಲರಿಗೂ ಗೊತ್ತಿರುವ ವಿಷಯವಲ್ಲವಾ?"

ಎಲ್ಲರಿಗೂ ಗೊತ್ತಿರುವ ವಿಷಯ! ನಾನು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದೆ: ಹಾಗಾದರೆ ಆ ಎರಡು ಹೆಸರು? ಅವರು ಆಮೇಲೆ ವಿಚಾರಿಸಿ ತಿಳಿಸಿದರು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಆ ಶಾಸ್ತ್ರದ ಕಟ್ಟಳೆ. ಹಡಗಿನ ವೈದ್ಯ ಇಟ್ಟ ಹೆಸರು ನಿಂತಿದೆ. ದೊರೆಯ ಹೆಂಡತಿಯ ಹೆಸರು ಬಿದ್ದುಹೋಗಿದೆ. ಎಲ್ಲೋ ದೂರದ ದ್ವೀಪಗಳಲ್ಲಿ ಯಾರೋ ತೊಟ್ಟಿಯಲ್ಲಿ ನೋಡಿದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸ್ಪಿರಿಟ್ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಈಗ ಮನೆಯಲ್ಲಿ ನಾನೇ ಹಿರಿಯಳು. ವರ್ಷಕ್ಕೊಮ್ಮೆ ಎಲೆ ಹಾಕುವಾಗ ದೊಡ್ಡಪ್ಪನಿಗೂ ಒಂದು ಎಲೆ. ಅವರ ಲೋಟವನ್ನು ಎಲ್ಲರ ಲೋಟ ತುಂಬಿದ ಮೇಲೆ, ಕೊನೆಯಲ್ಲಿ, ನನ್ನ ಕೈಯಿಂದಲೇ ತುಂಬಿಸುತ್ತೇನೆ. ಕಾಯಲಿ. ನಮ್ಮಿಬ್ಬರ ಲೆಕ್ಕ ಹಾಗೆ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ತೀರುತ್ತಿದೆ. ಅವರು ಅದರ ಬೆಲೆ ಅರಿಯದೆ ಮಾಡಿದರು. ಮಾಡಿದ್ದನ್ನು ಮುಖ ನೋಡಿ ಹೇಳಿದರು. ಅಪ್ಪನ ಲೋಟವನ್ನು ಖಾಲಿ ಬಿಡಲಿಲ್ಲ.

ಆದರೆ ದೊರೆಗಳೇ, ನಿಮಗೆ ನಮ್ಮ ಮನೆಯಲ್ಲಿ ಎಲೆಯಿಲ್ಲ, ಆದ್ದರಿಂದ ಇಲ್ಲಿಯೇ ಕೇಳಬೇಕು. ಜೀವಮಾನವೆಲ್ಲ ಮೀನಿನ ಮುಳ್ಳು ಎಣಿಸಿದ ಕಣ್ಣು ನಿಮ್ಮದು. ಕಣ್ಣಿಗೆ ಏನೂ ಬೀಳಲಿಲ್ಲವೆಂದರೆ ನಾನು ನಂಬುವುದಿಲ್ಲ. ಅಂದು ನನ್ನ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೈಪು ಆರುವವರೆಗೂ ನಿಂತು, ತಿರುಗಿಸಿ ತಿರುಗಿಸಿ ನೋಡಿದಿರಲ್ಲ. ಗೋಡೆಯುದ್ದಕ್ಕೂ ಸ್ಪಿರಿಟ್ ಇಟ್ಟುಕೊಂಡು ಒಂದು ಬಾಟಲಿ ಇಲ್ಲವೆನ್ನುವ ಮುಂಚೆ, ಆ ಮೀನಿನಲ್ಲಿ ನೀವು ಕಂಡದ್ದೇನು?